ನಾವು ಆರು ಜನ, ಒಂದೇ ಫೋಟೋದಲ್ಲಿ

ಫೋನಿನಲ್ಲಿ ಸಾವಿರಾರು ಫೋಟೋ ಇವೆ. ಆದರೆ ಅಪ್ಪ, ಅಮ್ಮ, ತಂಗಿ, ನನ್ನ ಗಂಡ, ಮಗಳು, ನಾನು ಆರೂ ಜನ ಒಟ್ಟಿಗಿರುವುದು ಒಂದೂ ಇರಲಿಲ್ಲ. ಯಾರಾದರೂ ಒಬ್ಬರು ಫೋನ್ ಹಿಡಿದು ಈಚೆ ನಿಂತಿರಬೇಕಲ್ವಾ? ನಮ್ಮ ಮನೆಯಲ್ಲಿ ಅದು ನಾನೇ. ಅಪ್ಪನಿಗೆ 75 ತುಂಬಿದಾಗ ಈ ಕೊರತೆ ತುಂಬಾ ಚುಚ್ಚಿತು. ಒಳ್ಳೆಯ ಫೋಟೋಗ್ರಾಫರ್ ಒಬ್ಬರಿಂದ ತೆಗೆಸಲೇಬೇಕು ಅಂತ ಹಟ ಹಿಡಿದೆ.

ಮೊದಲ ಸಲ ಹೊರಗಡೆ ತೆಗೆಸಿದೆವು. ಒಂದು ಪಾರ್ಕಿನಲ್ಲಿ, ಹಗಲು ಹನ್ನೊಂದೂವರೆಗೆ. ಎಲ್ಲರಿಗೂ ಬಿಡುವಿದ್ದ ಹೊತ್ತು ಅಂತ ನಾನೇ ಹೇಳಿದ್ದೆ, ಫೋಟೋಗ್ರಾಫರ್ ಬೇಡ ಅನ್ನಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಎಲ್ಲರ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು. ಮರದ ಕೆಳಗೆ ಸರಿದರೆ ಎಲೆಗಳ ಸಂದಿಯಿಂದ ಬಿಸಿಲು ಬಿದ್ದು ಅಪ್ಪನ ಕೆನ್ನೆಯ ಮೇಲೆ ಬಿಳಿ ಮಚ್ಚೆ. ಅಮ್ಮನಿಗೆ ಮಂಡಿ ನೋವು. ಕಾರಿನಿಂದ ಆ ಜಾಗಕ್ಕೆ ನಡೆಯುವಷ್ಟರಲ್ಲೇ ಅವರ ಮುಖ ಬಾಡಿತ್ತು. ಮಗಳಿಗೆ ನಿದ್ದೆಯ ಹೊತ್ತು, ಒಂದೇ ಸಮ ಅಳು. ಬಂದ ಫೋಟೋಗಳಲ್ಲಿ ಒಂದನ್ನೂ ಪ್ರಿಂಟ್ ಹಾಕಿಸಲು ಮನಸ್ಸಾಗಲಿಲ್ಲ.

ಎಂಟು ತಿಂಗಳ ನಂತರ ಬೇರೆಯವರನ್ನು ಕೇಳಿದೆ. ಫೋನ್ ಮಾಡಿದ ತಕ್ಷಣ ಅವರು ಕೇಳಿದ್ದು, 'ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು, ದೊಡ್ಡವರು ಯಾರು? ಮಗು ಎಷ್ಟು ಹೊತ್ತಿಗೆ ಮಲಗುತ್ತೆ?' ಆಗಲೇ ನನಗೆ ನಂಬಿಕೆ ಬಂತು. ಎಲ್ಲಿ, ಯಾವಾಗ ಅನ್ನೋದನ್ನ ಈ ಇಬ್ಬರನ್ನು ನೋಡಿಯೇ ತೀರ್ಮಾನಿಸಬೇಕು. ಅಮ್ಮನ ಮಂಡಿ, ಮಗಳ ನಿದ್ದೆ ಎರಡನ್ನೂ ಹೇಳಿದೆ. 'ಹಾಗಾದರೆ ಮನೆಯಲ್ಲೇ ತೆಗೆಯೋಣ, ಬೆಳಗ್ಗೆ' ಅಂದರು. ಪ್ರತಿ ಕೋಣೆಯ ಕಿಟಕಿಯನ್ನೂ ಬೆಳಗ್ಗೆ ಎಂಟಕ್ಕೆ ಒಂದು ಸಲ, ಹತ್ತಕ್ಕೆ ಇನ್ನೊಂದು ಸಲ ಫೋನಿನಲ್ಲೇ ತೆಗೆದು ಕಳಿಸಿ ಅಂತಲೂ ಹೇಳಿದರು.

ನಾನು ಹಾಲ್ ಅಂದುಕೊಂಡು ಅದನ್ನೇ ಒಪ್ಪಮಾಡಿದ್ದೆ. ಅವರು ಆರಿಸಿದ್ದು ಮಲಗುವ ಕೋಣೆ. ಅಲ್ಲಿನ ಕಿಟಕಿ ದೊಡ್ಡದು, ನೇರ ಬಿಸಿಲು ಬೀಳುವುದಿಲ್ಲ. ಮಂಚ ಪಕ್ಕಕ್ಕೆ ತಳ್ಳಿದೆವು. ಬಂದವರೇ ಮೊದಲು ಲೈಟುಗಳನ್ನೆಲ್ಲ ಆರಿಸಿದರು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬಿನ ಬೆಳಕು 3000 ಕೆಲ್ವಿನ್ ಹತ್ತಿರ, ಹಗಲಿನದು 5500ರ ಆಸುಪಾಸು. ಎರಡೂ ಸೇರಿದರೆ ಮುಖದ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಆಮೇಲೆ ತಿದ್ದೋದು ಕಷ್ಟ. ಕಿಟಕಿಯ ಬೆಳಕು ತಿರುಗಿ ಮುಖದ ಮೇಲೆ ಬೀಳಲಿ ಅಂತ ಎದುರು ಬದಿಗೆ ನಮ್ಮದೇ ಬಿಳಿ ಬೆಡ್‌ಶೀಟ್ ಇಳಿಬಿಟ್ಟರು. ಅಮ್ಮನ ಮುಖದ ನೆರಳಿನ ಭಾಗ ನಿಧಾನವಾಗಿ ತಿಳಿಯಾಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಕಣ್ಣಿನಲ್ಲಿ ಕಿಟಕಿಯ ಚಿಕ್ಕ ಚೌಕ ಹೊಳೆಯುತ್ತಿತ್ತು.

ಕೋಣೆ ಸಣ್ಣದು. ಆದರೂ ಅವರು ಹೆಚ್ಚು ಅಗಲ ಹಿಡಿಯುವ ವೈಡ್ ಲೆನ್ಸ್ ಹಾಕಲಿಲ್ಲ. ಅದರಲ್ಲಿ ಹತ್ತಿರದಿಂದ ತೆಗೆದರೆ ಅಂಚಿನಲ್ಲಿ ನಿಂತವರ ಮುಖ ಎಳೆದ ಹಾಗೆ ಬರುತ್ತೆ. ಬಾಗಿಲಾಚೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಅಲ್ಲಿಂದಲೇ ತೆಗೆದರು. ಅಪ್ಪ ಅಮ್ಮ ಕುರ್ಚಿಯಲ್ಲಿ, ನಾವು ಹಿಂದೆ. ಎರಡೂ ಸಾಲು ಸ್ಪಷ್ಟವಾಗಿ ಬರಲಿ ಅಂತ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಸ್ವಲ್ಪ ಚಿಕ್ಕದು ಮಾಡಿ f/5.6ಕ್ಕೆ ಇಟ್ಟರು.

ಬುಕ್ ಮಾಡುವ ಮುಂಚೆ ಈ ಸಲ ಎಲ್ಲ ಬಾಯಿಬಿಟ್ಟು ಕೇಳಿದ್ದೆ. ಆಯ್ದ ಚಂದದ ಫೋಟೋ ಬೇಡ, ಒಂದೇ ಕುಟುಂಬದ ಪೂರ್ತಿ ಸೆಷನ್ ತೋರಿಸಿ ಅಂತ ಕೇಳಿದೆ. ಇದು ತುಂಬಾ ಮುಖ್ಯ, ಹತ್ತು ಜನ ಕಣ್ಣು ಮಿಟುಕಿಸಿದಾಗ ಅವರು ಏನು ಮಾಡ್ತಾರೆ ಅನ್ನೋದು ಅದರಲ್ಲೇ ಗೊತ್ತಾಗೋದು. ಎಡಿಟ್ ಮಾಡಿದ ಫೋಟೋ ಎಷ್ಟು, ಯಾವಾಗ ಕೊಡ್ತಾರೆ, ನಮಗೆ ಹುಷಾರಿಲ್ಲದಿದ್ದರೆ ದಿನ ಬದಲಿಸಬಹುದಾ ಅನ್ನೋದನ್ನೆಲ್ಲ ಬರೆಸಿಕೊಂಡೆ. ಮಗುವಿನ ಫೋಟೋ ನಮ್ಮನ್ನು ಕೇಳದೆ ಎಲ್ಲೂ ಹಾಕಬಾರದು ಅಂತಲೂ. ಪೂರ್ತಿ ಸೈಜಿನ ಫೈಲ್ ಕೊಡ್ತಾರಾ ಅಂತ ಮರೆಯದೆ ಕೇಳಿ. 12 ಇಂಚು 18 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600 ಗುಣಿಸು 5400 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬರುವ ಫೋಟೋದಲ್ಲಿ ಅಷ್ಟು ಇರೋದಿಲ್ಲ.

ಬಟ್ಟೆಗೆ ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ತೀರಾ ಸಣ್ಣ ಚೌಕಳಿ ಬೇಡ, ಫೋಟೋದಲ್ಲಿ ಅಲೆಅಲೆಯಾಗಿ ಕಾಣಬಹುದು ಅಂದಿದ್ದರು. ತಂಗಿ ತನ್ನ ಶರ್ಟ್ ಬದಲಿಸಿದಳು.

ಹೊರಗಡೆ ತೆಗೆಸಲೇಬಾರದು ಅಂತ ಅಲ್ಲ. ಓಡಾಡುವ ಮಕ್ಕಳಿದ್ದರೆ ಬಯಲೇ ಚೆಂದ. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಹಿಡಿಯಿರಿ, ಇಲ್ಲವೇ ತೆಳುವಾಗಿ ಮೋಡ ಕವಿದ ದಿನ. ಮಗಳು ಸ್ವಲ್ಪ ದೊಡ್ಡವಳಾಗಲಿ, ನಾವೂ ಇನ್ನೊಮ್ಮೆ ಹೋಗುತ್ತೇವೆ.

ಎರಡು ಫೋಟೋ ಪ್ರಿಂಟ್ ಹಾಕಿಸಿದೆ. ಒಂದು, ಎಲ್ಲರೂ ಸಿದ್ಧವಾಗುವ ಗಡಿಬಿಡಿಯಲ್ಲಿ ಅಮ್ಮ ಮೊಮ್ಮಗಳ ಫ್ರಾಕಿನ ಗುಂಡಿ ಹಾಕುತ್ತಿರುವುದು. ಅಮ್ಮನ ಬೆರಳ ಗಂಟುಗಳು, ಮಗಳು ಉಸಿರು ಬಿಗಿಹಿಡಿದು ಎತ್ತಿದ ಗಲ್ಲ, ಎರಡೂ ಅದರಲ್ಲಿವೆ. ಇನ್ನೊಂದು ಆರೂ ಜನರದ್ದು, ಹಾಲಿನ ಗೋಡೆಯಲ್ಲಿದೆ. ಮಗಳು ಈಗಷ್ಟೇ ಎಣಿಸಲು ಕಲಿತಿದ್ದಾಳೆ. ಎತ್ತಿಕೊಂಡು ಹತ್ತಿರ ಹಿಡಿದರೆ ಒಬ್ಬೊಬ್ಬರ ಮೇಲೂ ಬೆರಳಿಡುತ್ತಾಳೆ. ಅಜ್ಜನಿಂದ ಶುರು. ಐದು ಮುಗಿದ ಮೇಲೆ ಕೊನೆಗೆ ನನ್ನ ಮೇಲೆ ಬೆರಳಿಟ್ಟು 'ಆರು' ಅನ್ನುತ್ತಾಳೆ.