‘ಹೇಗಮ್ಮಾ ಪಾಸಾದೆ?’ ಎಂದು ಕೇಳುವವರಿಗೆ

“ಕನ್ನಡ ಮೀಡಿಯಂನಲ್ಲಿ ಓದಿದವಳು ಇಂಗ್ಲೆಂಡಿಗೆ ಹೋಗಿ ಮೀಡಿಯಾ ಓದಿ ಹೇಗಮ್ಮಾ ಪಾಸಾದೆ?” ಎಂದು ಕೇಳುವವರು ನನಗೆ ಮದುವೆ ಮನೆಯ ಪಂಕ್ತಿಯಲ್ಲೂ ಸಿಗುತ್ತಾರೆ, ಬ್ಯಾಂಕಿನ ಸಾಲಿನಲ್ಲೂ ಸಿಗುತ್ತಾರೆ. ಮಾಧ್ಯಮ ಮತ್ತು ಸಂವಹನದಲ್ಲಿ ಎಂ.ಎ. ಮುಗಿಸಿ ಬಂದಾಗಿನಿಂದ ನಗುನಗುತ್ತಲೇ ಉತ್ತರಿಸಿದ್ದೇನೆ, ಇನ್ನು ಸಾಕು. ನಾನು ಪಾಸಾಗುವುದು ಸಹಜವಲ್ಲ ಎಂಬ ತೀರ್ಮಾನ ಆ ಪ್ರಶ್ನೆಯೊಳಗೇ ಕುಳಿತಿದೆ. ಎಂಜಿನಿಯರಿಂಗ್ ಓದಲು ಹೋದ ನಮ್ಮೂರಿನ ಹುಡುಗರನ್ನು ಯಾರೂ ಹೀಗೆ ಕೇಳುವುದಿಲ್ಲ. 1843ರಷ್ಟು ಹಿಂದೆಯೇ ಮಂಗಳೂರಿನ ಕಲ್ಲಚ್ಚಿನಲ್ಲಿ ತಮ್ಮ ಭಾಷೆಯ ಪತ್ರಿಕೆ ಕಂಡ ಕನ್ನಡದವರೇ, ಮಾಧ್ಯಮವೆಂಬುದು ಇಂಗ್ಲಿಷ್ ಬಲ್ಲವರ ಸ್ವತ್ತೆಂದು ಒಪ್ಪಿಕೊಂಡಿರುವುದು ನನಗೆ ನೋವುಂಟುಮಾಡುತ್ತದೆ.

ಇಂಗ್ಲಿಷ್ ಕಷ್ಟವಾಯಿತು, ನಿಜ. ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಬೇಕಾದ ಅಂಕ ಬಂದಿದ್ದರೂ, ಟಿವಿ ಹೇಳಿದ್ದನ್ನು ನೋಡುಗರು ಹೇಗೆ ಒಪ್ಪುತ್ತಾರೆ, ಹೇಗೆ ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ, ಯಾವಾಗ ತಳ್ಳಿಹಾಕುತ್ತಾರೆ ಎಂಬುದರ ಬಗ್ಗೆ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಬರೆದ ಪ್ರಬಂಧವನ್ನು ಅರಗಿಸಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಪಕ್ಕದಲ್ಲಿ ಕೂರುತ್ತಿದ್ದ ಇಂಗ್ಲಿಷ್ ಹುಡುಗಿಗೂ ಅಷ್ಟೇ ದಿನ ಬೇಕಾಯಿತು. ಜನರು ಸೇರಿ ಸಮಾಜದ ವಿಷಯಗಳನ್ನು ಚರ್ಚಿಸುವ ‘ಸಾರ್ವಜನಿಕ ವಲಯ’ದ ಕುರಿತ ಜರ್ಮನ್ ಚಿಂತಕ ಹಾಬರ್‌ಮಾಸ್ ಅವರ ಗ್ರಂಥ ಜರ್ಮನ್‌ನಲ್ಲಿ ಬಂದದ್ದು 1962ರಲ್ಲಿ, ಇಂಗ್ಲಿಷಿಗೆ ಬಂದದ್ದು 1989ರಲ್ಲಿ. ಅದರ ಮುಂದೆ ತರಗತಿಯವರೆಲ್ಲರೂ ಹೊರಗಿನವರೇ ಆಗಿದ್ದೆವು. ಪ್ರಬಂಧ ಬರೆಯುವ ಇಂಗ್ಲಿಷನ್ನು ಕಲಿಯಬಹುದು, ನಾನೂ ಕಲಿತೆ.

ಕಲಿಯಲಾಗದ್ದು ಬೇರೆಯಿತ್ತು. ಸೆಮಿನಾರುಗಳಲ್ಲಿ ಅವರೆಲ್ಲರೂ ತಾವು ಬಾಲ್ಯದಲ್ಲಿ ನೋಡಿದ ಕಾರ್ಯಕ್ರಮಗಳನ್ನು, ಮನೆಗೆ ಬರುತ್ತಿದ್ದ ಪತ್ರಿಕೆಗಳನ್ನು, ಬಿಬಿಸಿಗಾಗಿ ಟಿವಿ ನೋಡುವ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕವನ್ನು ಮುಂದಿಟ್ಟುಕೊಂಡು ವಾದಿಸುತ್ತಿದ್ದರು. ವ್ಯಾಕರಣವೆಲ್ಲ ಸರಿಯಿದ್ದರೂ ಆ ಮಾತಿನೊಳಗೆ ನನಗೆ ದಾರಿಯಿರಲಿಲ್ಲ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದ್ದನ್ನು ನಾನು ಹೇಳಿದ ದಿನ ಎಲ್ಲರೂ ಸೌಜನ್ಯದಿಂದ ಕೇಳಿಸಿಕೊಂಡರು, ಅನಂತರ ಬಿಬಿಸಿಗೇ ಮರಳಿದರು.

ಆದ್ದರಿಂದ ‘ಹೇಗೆ ಪಾಸಾದೆ’ ಎನ್ನುವುದನ್ನು ಬಿಟ್ಟು ‘ಅಲ್ಲಿ ಏನು ಓದಿದೆ’ ಎಂದು ಯಾರಾದರೂ ಕೇಳಬೇಕೆಂಬುದು ನನ್ನ ಆಸೆ. ಎಂ.ಎ. ಪ್ರೌಢಪ್ರಬಂಧಕ್ಕಾಗಿ ನಾನು ಓದಿದ್ದು ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟಗಳನ್ನು. ಬೋರ್‌ವೆಲ್ ಕೆಟ್ಟು ಊರಿಗೆ ನೀರಿಲ್ಲ ಎಂಬ ಎರಡು ಕಾಲಂ ಸುದ್ದಿ. ಖಾಲಿ ಕೊಡ ಹಿಡಿದು ನಿಂತ ಹೆಂಗಸರ ಚಿತ್ರ. ಕೊನೆಯಲ್ಲಿ, ‘ಇನ್ನಾದರೂ ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?’ ಎಂಬ ಸಾಲು. ನಮಗೆ ಇದು ಎಷ್ಟು ರೂಢಿಯೆಂದರೆ ಕಣ್ಣಿಗೇ ಬೀಳುವುದಿಲ್ಲ. ನನ್ನ ಮಾರ್ಗದರ್ಶಕರು ಮಾತ್ರ ಅದರ ಮೇಲೆ ಬೆರಳಿಟ್ಟು, ಇದು ವರದಿಯೋ ಅರ್ಜಿಯೋ ಎಂದು ಕೇಳಿದರು. ಎರಡೂ ಹೌದು ಎಂದೆ. ವರದಿಗಾರ ತನ್ನ ಅಭಿಪ್ರಾಯವನ್ನು ಸುದ್ದಿಯಿಂದ ದೂರವಿಡಬೇಕೆಂಬ ನಿಯಮವನ್ನು ಅವರು ಪಾಠ ಮಾಡಿದ್ದರು. ಪಂಚಾಯಿತಿ ಕಚೇರಿಯಲ್ಲಿ ಯಾರೂ ಕಿವಿಗೊಡದ ದೂರನ್ನು ಊರಿನವರ ಪರವಾಗಿ ತಹಶೀಲ್ದಾರರ ಮೇಜಿಗೆ ಮುಟ್ಟಿಸುವುದೂ ವರದಿಗಾರನ ಕೆಲಸವೆಂದು ನಾನು ವಾದಿಸಿದೆ. ಆ ಸಾಲು ಪತ್ರಿಕೋದ್ಯಮದ ಕೊರತೆಯಲ್ಲ, ಅದೊಂದು ಬಗೆಯ ಪತ್ರಿಕೋದ್ಯಮ ಎಂಬುದು ನನ್ನ ಪ್ರೌಢಪ್ರಬಂಧದ ವಾದ. ಈಗಲೂ ಅದೇ ನನ್ನ ನಂಬಿಕೆ. ಕನ್ನಡ ಪತ್ರಿಕೆ ಓದುತ್ತಾ ಬೆಳೆಯದವರಿಗೆ ಈ ವಾದ ಹೊಳೆಯುವುದು ಕಷ್ಟ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಬ್ರಿಟಿಷ್ ಪತ್ರಿಕೆಗಳ ಮೇಲೆ ಬರೆದ ಸಹಪಾಠಿ ತುಣುಕುಗಳನ್ನು ನೇರವಾಗಿ ಅಂಟಿಸಿದರೆ, ನಾನು ಪ್ರತಿ ಸುದ್ದಿಯನ್ನೂ ಅನುವಾದಿಸಿ, ತಾಲ್ಲೂಕು ಎಂದರೇನು, ಅರೆಕಾಲಿಕ ವರದಿಗಾರ ಯಾರು ಎಂಬುದನ್ನೆಲ್ಲ ಅದೇ ಪದಮಿತಿಯೊಳಗೆ ವಿವರಿಸಬೇಕಾಗಿತ್ತು. ಆ ದುಡಿಮೆಗೆ ಅಂಕದ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಹೋಗಲು ಹೊರಟಿರುವ ಕನ್ನಡದ ವಿದ್ಯಾರ್ಥಿಗಳು ಶುಲ್ಕ ಕಟ್ಟುವ ಮೊದಲೇ ವಿಭಾಗಕ್ಕೆ ಪತ್ರ ಬರೆದು, ಬೇರೆ ಭಾಷೆಯ ಆಕರಗಳ ಅನುವಾದವನ್ನು ಪದಮಿತಿಯಿಂದ ಹೊರಗಿಡುತ್ತೀರಾ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ.