ಎಂಟಡಿ ಉದ್ದ, ಐದಡಿ ಅಗಲ: ಮಲೆನಾಡಿನ ಮನೆಗೊಂದು ಯುಟಿಲಿಟಿ

ಮನೆಯ ನಕ್ಷೆ ಹಾಕಿಸುವಾಗ ಹಾಲ್, ಅಡುಗೆಮನೆ, ದೇವರಮನೆ ಎಲ್ಲ ಮುಗಿದು ಉಳಿದ ಮೂಲೆಗೆ ಯುಟಿಲಿಟಿ ಅಂತ ಹೆಸರಿಡುವುದು ರೂಢಿ. ಆ ಮೂಲೆಯಲ್ಲೇ ವಾಷಿಂಗ್ ಮಷೀನು, ಗಂಬೂಟು, ರೇನ್‌ಕೋಟು, ಕೊಡೆ, ತೋಟದ ಕತ್ತಿ, ಪೊರಕೆ ಎಲ್ಲವೂ ಸೇರಬೇಕು. ಬೇಸಿಗೆಯಲ್ಲಿ ಗೃಹಪ್ರವೇಶ ಆದಾಗ ಯಾವ ತೊಂದರೆಯೂ ಕಾಣುವುದಿಲ್ಲ. ಆರಿದ್ರೆ ಹಿಡಿದು ಪುನರ್ವಸು, ಪುಷ್ಯ ಮಳೆ ದಾಟುವ ಹೊತ್ತಿಗೆ ಗೋಡೆಗೆ ಬೂಸ್ಟು ಬಂದಿರುತ್ತದೆ, ಒಗೆದ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ, ಕೆಸರಿನ ಹೆಜ್ಜೆ ಒಲೆಯ ಬುಡದವರೆಗೆ ಹೋಗಿರುತ್ತದೆ. ಜಾಗ ಚಿಕ್ಕದು ಅನ್ನುವುದಕ್ಕಿಂತ, ಒದ್ದೆ ಎಲ್ಲಿ ನಿಲ್ಲಬೇಕು ಎಂದು ಯಾರೂ ಗೆರೆ ಹಾಕಲಿಲ್ಲ ಅನ್ನುವುದೇ ಇದಕ್ಕೆ ಕಾರಣ. ಕಪಾಟು, ಟೈಲ್ಸ್ ಬಣ್ಣ ಎಲ್ಲ ಆಮೇಲಿನ ಮಾತು. ಮೊದಲು ಆ ಗೆರೆ.

ಶಿವಮೊಗ್ಗ ಪೇಟೆಯ ಮನೆಗೆ ಸಾಕಾಗುವ ಯುಟಿಲಿಟಿ ಆಗುಂಬೆ, ಹುಲಿಕಲ್ ಕಡೆಯ ಮನೆಗೆ ಸಾಕಾಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟದ ಮನೆಗಳನ್ನು ಮನಸ್ಸಿನಲ್ಲಿಟ್ಟು ಇಲ್ಲಿನ ಅಳತೆ ಕೊಟ್ಟಿದೆ. ಪೇಟೆಯವರು ಬೂಟಿನ ಭಾಗವನ್ನು ಅರ್ಧ ಮಾಡಿಕೊಳ್ಳಬಹುದು.

8 ಅಡಿ ಉದ್ದ, 5 ಅಡಿ ಅಗಲದ ಕೋಣೆ ಅಂದುಕೊಳ್ಳಿ. ಒಂದು ಕಿರುಗೋಡೆಯಲ್ಲಿ ಹಿತ್ತಿಲ ಬಾಗಿಲು, ಎದುರಿನ ಕಿರುಗೋಡೆಯಲ್ಲಿ ಅಡುಗೆಮನೆಗೆ ಹೋಗುವ ಬಾಗಿಲು. ಹಿತ್ತಿಲ ಬಾಗಿಲಿನಿಂದ ಮೊದಲ 3 ಅಡಿ ಒದ್ದೆ ಭಾಗ, ಉಳಿದ 5 ಅಡಿ ಒಣ ಭಾಗ. ಒದ್ದೆ ಭಾಗದ ನೆಲ ಒಣ ಭಾಗಕ್ಕಿಂತ ಒಂದು ಇಂಚು ತಗ್ಗು, ಒಣ ಭಾಗ ಅಡುಗೆಮನೆಗಿಂತ ಒಂದು ಇಂಚು ತಗ್ಗು. ಎರಡೂ ಕಡೆ ಅಂಚಿಗೆ ಬೇರೆ ಬಣ್ಣದ ಗ್ರಾನೈಟ್ ಪಟ್ಟಿ ಕೂರಿಸಿ. ಒಂದೇ ಬಣ್ಣವಾದರೆ ವಯಸ್ಸಾದವರು ಆ ಒಂದಿಂಚಿಗೇ ಎಡವುತ್ತಾರೆ. ಇಳಿಜಾರು ಒದ್ದೆ ಭಾಗದಲ್ಲಿ 50ಕ್ಕೆ 1, ಅಂದರೆ 3 ಅಡಿಗೆ ಸುಮಾರು 18 ಮಿ.ಮೀ. ಒಣ ಭಾಗದಲ್ಲಿ 80ಕ್ಕೆ 1 ಸಾಕು. ಮೇಸ್ತ್ರಿಗೆ "ಸ್ವಲ್ಪ ಇಳಿಜಾರು ಕೊಡಪ್ಪ" ಅಂದು ಬಿಟ್ಟರೆ ನೀರು ಮೂಲೆಯಲ್ಲಿ ನಿಲ್ಲುತ್ತದೆ. ಮಿಲಿಮೀಟರಿನಲ್ಲಿ ಹೇಳಿ, ಟೈಲ್ಸ್ ಕೂರಿಸುವ ಮೊದಲು ಲೆವೆಲ್ ಪೈಪಿನಲ್ಲಿ ನೋಡಿ.

ಹಿತ್ತಿಲ ಬಾಗಿಲನ್ನು ಮೂಲೆಗೆ ಒತ್ತಬೇಡಿ. 60 ಇಂಚಿನ ಕಿರುಗೋಡೆಯನ್ನು ಹೀಗೆ ಹಂಚಿ: ಬೆಂಚಿನ ಕಡೆ 14 ಇಂಚು, ಬಾಗಿಲು ಕಟ್ಟು ಸಮೇತ 33 ಇಂಚು, ಆ ಕಡೆ 13 ಇಂಚು. ಆ 13 ಇಂಚಿನಲ್ಲಿ ಬೂಟು ನೇತುಹಾಕುವ ಗೋಡೆ ಸಿಗುತ್ತದೆ, ಓಡಾಡುವ ದಾರಿಗೆ ಅಡ್ಡ ಬರುವುದಿಲ್ಲ. ಬಾಗಿಲು ಹೊರಗೆ ತೆರೆಯಲಿ, ಒಳಗೆ ತೆರೆದರೆ ಒದ್ದೆ ಭಾಗ ಪೂರ್ತಿ ಅದೇ ನುಂಗುತ್ತದೆ. ಹೊರಗೆ ತೆರೆಯುವ ಬಾಗಿಲಿಗೆ ಕನಿಷ್ಠ 4 ಅಡಿ ಮುಂದೆ ಚಾಚಿದ ಮಾಡು ಬೇಕು, ಏಕೆಂದರೆ ಇಲ್ಲಿ ಮಳೆ ನೆಟ್ಟಗೆ ಬೀಳುವುದಿಲ್ಲ, ಗಾಳಿಗೆ ಇರಚಲು ಹೊಡೆಯುತ್ತದೆ. ಸ್ಲೈಡಿಂಗ್ ಬಾಗಿಲು ಜಾಗ ಉಳಿಸುವುದು ನಿಜ, ಆದರೆ ಕೆಳಗಿನ ಹಳಿಯಲ್ಲಿ ಕೆಮ್ಮಣ್ಣು ಕೂತು ಒಂದೇ ಮಳೆಗಾಲಕ್ಕೆ ಬಿಗಿಯಾಗುತ್ತದೆ. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ. ಇಲ್ಲಿಗೆ ಯುಪಿವಿಸಿ ಅಥವಾ ಅಲ್ಯೂಮಿನಿಯಂ ಒಳ್ಳೆಯದು.

ಉದ್ದದ ಗೋಡೆ 96 ಇಂಚು. ಹಿತ್ತಿಲ ಬಾಗಿಲಿನ ಕಡೆಯಿಂದ ಮೊದಲು 36 ಇಂಚು ಕೂರುವ ಬೆಂಚು, ಆಮೇಲೆ 22 ಇಂಚು ಸಿಂಕು, 26 ಇಂಚು ಮಷೀನಿನ ಜಾಗ, ಕೊನೆಗೆ 12 ಇಂಚು ಪೊರಕೆ, ಮಾಪಿಗೆ ನೆಟ್ಟನೆಯ ಗೂಡು. ಬೆಂಚಿನ ಆಳ 14 ಇಂಚು ಸಾಕು, ಎತ್ತರ 17 ಇಂಚು. ಸಿಂಕು, ಮಷೀನಿನ ಕಡೆ 24 ಇಂಚು ಆಳ. ಹೀಗೆ ಬಾಗಿಲ ಬಳಿ ದಾರಿ ಅಗಲ, ಒಳಗೆ ಹೋದಂತೆ 36 ಇಂಚು. ಫ್ರಂಟ್ ಲೋಡ್ ಮಷೀನಿನ ಬಾಗಿಲು ತೆಗೆದು ಬಗ್ಗಿ ಬಟ್ಟೆ ತುಂಬಲು ಇದಕ್ಕಿಂತ ಕಡಿಮೆ ಜಾಗ ಬೇಡ.

ಬೆಂಚಿಗೆ ಪ್ಲೈವುಡ್ ಹಾಕಬೇಡಿ. ಮರೈನ್ ಪ್ಲೈ ಆದರೂ ಕತ್ತರಿಸಿದ ಅಂಚಿನಿಂದ ನೀರು ಕುಡಿದು ಲ್ಯಾಮಿನೇಟ್ ಎದ್ದು ಬರುತ್ತದೆ. ಗೋಡೆಗೆ ಕೊರೆದು ಕೂರಿಸಿದ ಕಡಪ ಕಲ್ಲು ಅಥವಾ ಗ್ರಾನೈಟ್, ಕೆಳಗೆ ಪೂರ್ತಿ ಖಾಲಿ. ಕಾಲಿಲ್ಲದ ಬೆಂಚಿನ ಅಡಿ ಪೈಪ್ ಹಿಡಿದು ತೊಳೆಯಬಹುದು. ಅಲ್ಲಿ ಚಪ್ಪಲಿ, ಗಿಡ್ಡ ಬೂಟು ಇಡಿ.

ಗಂಬೂಟಿನದೇ ಬೇರೆ ಲೆಕ್ಕ. ಉದ್ದನೆಯ ಬೂಟು 15 ಇಂಚು ಎತ್ತರ, ಜೋಡಿಗೆ 10 ಇಂಚು ಅಗಲ ಬೇಕು. ನೆಟ್ಟಗೆ ನಿಲ್ಲಿಸಿದರೆ ಒಳಗಿನ ಬೆವರು, ನೀರು ಹೊರಗೆ ಬರುವುದಿಲ್ಲ, ರಾತ್ರಿ ಕಪ್ಪೆಯೋ ಚೇಳೋ ಹಾವಿನ ಮರಿಯೋ ಒಳಗೆ ಸೇರುತ್ತದೆ. ಪೂರ್ತಿ ತಲೆಕೆಳಗಾಗಿ ನೆಲಕ್ಕೆ ಕವುಚಿದರೆ ನೀರು ಇಳಿಯುತ್ತದೆ, ಆದರೆ ಬಾಯಿ ಮುಚ್ಚಿಹೋಗಿ ಗಾಳಿ ಆಡುವುದಿಲ್ಲ. ಹಾಗಾಗಿ ಗೋಡೆಯಿಂದ ಓರೆಯಾಗಿ ಮೇಲಕ್ಕೆ ಎದ್ದ ಗೂಟಗಳು ಬೇಕು: ಒಂದಿಂಚಿನ ಸ್ಟೀಲ್ ಪೈಪು, 14 ಇಂಚು ಉದ್ದ, ಬುಡ ನೆಲದಿಂದ 10 ಇಂಚು ಎತ್ತರದಲ್ಲಿ. ಪೈಪಿನ ತುದಿಗೆ ರಬ್ಬರ್ ಮುಚ್ಚಳ ಇರಲಿ, ಇಲ್ಲದಿದ್ದರೆ ಬೂಟಿನ ಒಳಗಿನ ಬಟ್ಟೆ ಹರಿಯುತ್ತದೆ. ಬೆಂಚಿನ ಎದುರಿನ 36 ಇಂಚು ಗೋಡೆಯಲ್ಲಿ ಮೂರು ಜೋಡಿ ಹಿಡಿಯುತ್ತದೆ. ಅದೇ ಗೋಡೆಯಲ್ಲಿ 6 ಅಡಿ ಎತ್ತರಕ್ಕೆ, 8 ಇಂಚಿಗೊಂದರಂತೆ ನಾಲ್ಕು ಕೊಕ್ಕೆ ರೇನ್‌ಕೋಟಿಗೆ. ಕೋಟಿನ ನೀರು ಬೂಟಿನ ಅಟ್ಟೆಯ ಮೇಲೆ ಬಿದ್ದು ಜಾರುತ್ತದೆ, ಬೂಟಿನ ಒಳಗೆ ಹೋಗುವುದಿಲ್ಲ. ಕೊಕ್ಕೆ ಗೋಡೆಯಿಂದ 4 ಇಂಚು ಮುಂದಿರಬೇಕು. ಕೋಟಿನ ಬೆನ್ನು ಗೋಡೆಗೆ ಅಂಟಿದರೆ ಆ ಕಡೆ ಒಣಗುವುದೇ ಇಲ್ಲ.

ಇಲ್ಲೊಂದು ವಿಷಯ ಗೋಡೆ ಕಟ್ಟುವ ಮೊದಲೇ ಯೋಚಿಸಬೇಕು. ಸಾಗರ, ಹೊಸನಗರ ಕಡೆ ಗೋಡೆ ಜಂಬಿಟ್ಟಿಗೆಯದು, ಅಂದರೆ ಕೆಂಪು ಮುರಕಲ್ಲಿನದು. ಅದರ ಮೈಯೆಲ್ಲ ತೂತು. ಸಾಮಾನ್ಯ ರಾಲ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಮೊದಲು ಗಟ್ಟಿ ಅನಿಸುತ್ತದೆ, ಒದ್ದೆ ಕೋಟಿನ ಭಾರ ಬಿದ್ದಂತೆ ಪುಡಿ ಉದುರಿ ಪ್ಲಗ್ ಸಮೇತ ಕೈಗೆ ಬರುತ್ತದೆ. ಗೋಡೆ ಏಳುವಾಗಲೇ 10 ಇಂಚು ಮತ್ತು 6 ಅಡಿ ಎತ್ತರದಲ್ಲಿ 4 ಇಂಚು ದಪ್ಪದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಗೂಟ, ಕೊಕ್ಕೆ ಎರಡಕ್ಕೂ ಹಿಡಿತ ಸಿಗುತ್ತದೆ. ಗೋಡೆ ಆಗಲೇ ಎದ್ದಿದ್ದರೆ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಬಳಸಿ.

ಒದ್ದೆ ಭಾಗದ ನೆಲಕ್ಕೆ ತಿಳಿ ಬಣ್ಣದ, ಒರಟು ಮೈಯ ಟೈಲ್ಸ್ ಹಾಕಿ. ಕೆಸರು ಕಾಣಬಾರದೆಂದು ಕಪ್ಪು, ಕಂದು ಆರಿಸುವವರೇ ಹೆಚ್ಚು. ಆದರೆ ಬೂಟಿನಿಂದ ಕೆಳಗಿಳಿದ ಉಂಬಳ (ಜಿಗಣೆ) ತಿಳಿ ನೆಲದ ಮೇಲೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಕಂದು ನೆಲದಲ್ಲಿ ಅದು ಅಡುಗೆಮನೆ ಸೇರಿದ ಮೇಲೇ ಗೊತ್ತಾಗುವುದು. ಬೆಂಚಿನ ಮೇಲೊಂದು ಕಿರು ಹಲಗೆಯಲ್ಲಿ ಉಂಬಳಕ್ಕೆ ಸುಣ್ಣದ ಡಬ್ಬಿ, ಉಪ್ಪು, ಜತೆಗೆ ಟಾರ್ಚು, ಅಡಿಕೆ ಹಾಳೆಯ ಟೋಪಿ ಇಟ್ಟರೆ ಹೊರಡುವಾಗ ಹುಡುಕಾಟ ಇಲ್ಲ.

ಕೆಸರನ್ನು ಕೋಣೆಯೊಳಗೆ ತೊಳೆಯುವ ಯೋಜನೆ ಬೇಡ. ಬಾಗಿಲ ಹೊರಗೆ, ಮಾಡಿನ ಅಡಿ, ಎರಡೂವರೆ ಅಡಿ ಚೌಕದ ಒರಟು ಕಲ್ಲು ಹಾಸಿ 20 ಇಂಚು ಎತ್ತರಕ್ಕೆ ಒಂದು ನಲ್ಲಿ ಕೊಡಿ. ಅದರ ನೀರೂ, ಒದ್ದೆ ಭಾಗದ ನಹಾನಿ ಟ್ರ್ಯಾಪಿನ (ನೆಲದ ನೀರು ಹೋಗುವ ಜಾಲರಿ ಬಾಯಿ) ನೀರೂ ಮೊದಲು ಒಂದು ಹೂಳು ಗುಂಡಿಗೆ ಹೋಗಬೇಕು: ಒಂದಡಿ ಚೌಕ, ಒಂದೂವರೆ ಅಡಿ ಆಳ, ಹೊರ ಹೋಗುವ ಪೈಪು ತಳದಿಂದ 9 ಇಂಚು ಮೇಲೆ. ಮಣ್ಣು ತಳದಲ್ಲಿ ಕೂರುತ್ತದೆ, ನೀರು ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾಚಿ ತೆಗೆದು ಗಿಡದ ಬುಡಕ್ಕೆ ಹಾಕಿದರಾಯಿತು. ಗುಂಡಿ ಬಿಟ್ಟು ನೇರ ಪೈಪು ಕೊಟ್ಟರೆ ಕೆಮ್ಮಣ್ಣು ಬೆಂಡಿನಲ್ಲಿ ಕೂತು ಬೇಸಿಗೆಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ನೆಲ ಒಡೆಯುವುದೊಂದೇ ದಾರಿ. ಸಿಂಕು, ಮಷೀನಿನ ಸಾಬೂನು ನೀರಿಗೆ ಪ್ರತ್ಯೇಕ ಲೈನು, ಅದು ಇಂಗುಗುಂಡಿಗೆ. ಸೆಪ್ಟಿಕ್ ಟ್ಯಾಂಕಿಗೆ ಸೇರಿಸಬೇಡಿ. ಒಮ್ಮೆಲೇ ನುಗ್ಗುವ ನೀರು ತಳದ ಗಸಿಯನ್ನು ಕಲಕಿ ಹೊರಗೆ ತಳ್ಳುತ್ತದೆ.

ಮಷೀನಿನ ಜಾಗದಲ್ಲಿ ಎಲ್ಲರೂ ಎಡವುವುದು ಆಳದ ಲೆಕ್ಕದಲ್ಲಿ. ಫ್ರಂಟ್ ಲೋಡ್ ಸಾಮಾನ್ಯವಾಗಿ 600 ಮಿ.ಮೀ. ಅಗಲ, 850 ಎತ್ತರ, ಆಳ ಮಾಡೆಲ್ ನೋಡಿ 450ರಿಂದ 600ರವರೆಗೆ. ನಲ್ಲಿ, ಡ್ರೈನ್ ಹಿಂಬದಿಯ ಗೋಡೆಯಲ್ಲಿದ್ದರೆ ಇನ್ನೊಂದು 100 ಮಿ.ಮೀ. ಹೋಗುತ್ತದೆ, 36 ಇಂಚಿನ ದಾರಿ 32ಕ್ಕೆ ಇಳಿಯುತ್ತದೆ. ಎರಡನ್ನೂ ಪಕ್ಕದ ಸಿಂಕಿನ ಅಡಿ ಕೊಟ್ಟರೆ ಹಿಂದೆ 2 ಇಂಚು ಸಾಕು. ಅಷ್ಟಾದರೂ 24 ಇಂಚಿನೊಳಗೆ ಮುಗಿಯಬೇಕಾದರೆ 550ಕ್ಕಿಂತ ಕಡಿಮೆ ಆಳದ ಮಾಡೆಲ್ಲನ್ನೇ ಕೊಳ್ಳಿ. ಟಾಪ್ ಲೋಡ್ ಆದರೆ ಮುಚ್ಚಳ ತೆರೆದಾಗ ನಾಲ್ಕೂವರೆ ಅಡಿವರೆಗೂ ಮೇಲೆ ಹೋಗುತ್ತದೆ, ಅದರ ಮೇಲೆ ಹಲಗೆ ಹೊಡೆಸುವ ಮುನ್ನ ಅಳೆಯಿರಿ. ಡ್ರೈನ್ ಹೋಸಿನ ತುದಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು. ತಗ್ಗಿಗೆ ಬಿಟ್ಟರೆ ಮಷೀನು ತುಂಬುತ್ತಿದ್ದಂತೆ ನೀರು ತಾನೇ ಹರಿದು ಹೋಗುತ್ತದೆ, ಒಗೆಯುವುದು ಮುಗಿಯುವುದೇ ಇಲ್ಲ. ಪೈಪಿನ ಬಾಯಿಗೆ ಹೋಸನ್ನು ಬಟ್ಟೆ ಸುತ್ತಿ ಬಿಗಿದರೂ ಇದೇ ಪಾಡು, ಗಾಳಿಗೆ ಸಂದು ಬಿಡಿ.

ನೀರಿನ ಟ್ಯಾಂಕಿನ ತಳ ಮಷೀನಿನ ನಲ್ಲಿಗಿಂತ ಕನಿಷ್ಠ 3 ಮೀಟರ್ ಮೇಲಿದ್ದರೆ ಸುಮಾರು 0.3 ಬಾರ್ ಒತ್ತಡ ಸಿಗುತ್ತದೆ. ಕೆಲವು ಮಷೀನುಗಳಿಗೆ ಇನ್ನೂ ಹೆಚ್ಚು ಬೇಕು, ಕೊಳ್ಳುವ ಮೊದಲು ಕೈಪಿಡಿ ನೋಡಿ. ಗುಡ್ಡದ ಅಬ್ಬಿ (ಝರಿ) ನೀರನ್ನು ಪೈಪಿನಲ್ಲಿ ತಂದವರ ಮನೆಯಲ್ಲಿ ಒತ್ತಡಕ್ಕೆ ಕೊರತೆಯಿಲ್ಲ, ಆದರೆ ಮರಳು, ಎಲೆಯ ಚೂರು ಮಷೀನಿನ ಬಾಯಿಯ ಜಾಲರಿಯಲ್ಲಿ ಕಟ್ಟುತ್ತದೆ. ನಲ್ಲಿಗಿಂತ ಮೊದಲು, ಬಿಚ್ಚಿ ತೊಳೆದು ಮತ್ತೆ ಹಾಕುವಂಥ ಫಿಲ್ಟರ್ ಕೂರಿಸಿ. ಕರೆಂಟಿಗೆ 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೇ ಒಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು), ಜತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು). ಸಾಕೆಟ್ ಒಣ ಭಾಗದಲ್ಲಿ 4 ಅಡಿ ಎತ್ತರಕ್ಕೆ, ಸಿಂಕಿನ ಮೇಲಂತೂ ಬೇಡ. ಸಿಡಿಲಿನ ಕಾಲದಲ್ಲಿ ಪ್ಲಗ್ ಕಿತ್ತಿಡಲು ಕೈಗೆ ಎಟುಕಬೇಕು, ಮಷೀನಿನ ಹಿಂದೆ ಅಡಗಿಸಬೇಡಿ. ಗ್ಯಾಸ್ ಸಿಲಿಂಡರ್ ಈ ಕೋಣೆಗೆ ತರಬೇಡಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿನ ನೆಲದಲ್ಲೇ ತುಂಬಿಕೊಳ್ಳುತ್ತದೆ.

ಬಟ್ಟೆ ಒಣಗಿಸುವುದು ಮಲೆನಾಡಿನ ನಿಜವಾದ ತಲೆನೋವು. 7 ಕಿಲೋ ಬಟ್ಟೆಯನ್ನು ಚೆನ್ನಾಗಿ ಹಿಂಡಿದ ಮೇಲೂ ಅದರಲ್ಲಿ ಸುಮಾರು 4 ಲೀಟರ್ ನೀರು ಉಳಿದಿರುತ್ತದೆ. ಅಷ್ಟೂ ಗಾಳಿಗೆ ಹೋಗಬೇಕು. ಜುಲೈ ಗಾಳಿ ಆಗಲೇ ನೀರು ಕುಡಿದು ತುಂಬಿರುತ್ತದೆ, ಬರೀ ಎಕ್ಸಾಸ್ಟ್ ಫ್ಯಾನ್ ಒಂದು ಒದ್ದೆ ಗಾಳಿ ತೆಗೆದು ಇನ್ನೊಂದು ಒದ್ದೆ ಗಾಳಿ ತರುತ್ತದೆ. ಬೇಕಾದದ್ದು ಸ್ವಲ್ಪ ಕಾವು. 22 ಡಿಗ್ರಿಯಲ್ಲಿ ಶೇ. 95 ತೇವ ಇರುವ ಗಾಳಿಯನ್ನು 28 ಡಿಗ್ರಿಗೆ ಏರಿಸಿದರೆ ತೇವದ ಪ್ರಮಾಣ ಶೇ. 66ರ ಆಸುಪಾಸಿಗೆ ಇಳಿಯುತ್ತದೆ. ಆರು ಡಿಗ್ರಿ ಸಾಕು. ಅದಕ್ಕಾಗಿಯೇ ಯುಟಿಲಿಟಿಯನ್ನು ಬಚ್ಚಲುಮನೆಯ ಹಂಡೆ ಒಲೆಯ ಗೋಡೆಗೆ ತಾಗಿಸಿ ಎಂದು ನಾವು ನಕ್ಷೆಯ ಹಂತದಲ್ಲೇ ಹಟ ಹಿಡಿಯುತ್ತೇವೆ. ಬೆಳಗ್ಗೆ ನೀರು ಕಾಯಿಸಿದ ಕಾವು ಗೋಡೆಯಲ್ಲಿ ಮಧ್ಯಾಹ್ನದವರೆಗೂ ಇರುತ್ತದೆ. ಹೊಗೆ ಮಾತ್ರ ಈ ಕಡೆ ಬರಬಾರದು, ಗೋಡೆ ಸೂರಿನವರೆಗೂ ಮುಚ್ಚಿರಬೇಕು. ಒಣ ಭಾಗದ ದಾರಿಯ ಮೇಲೆ, ಸೂರಿಗೆ, ರಾಟೆ ಹಗ್ಗದಲ್ಲಿ ಇಳಿಸುವ 5 ಅಡಿಯ ಸರಳುಗಳನ್ನು 6 ಇಂಚು ಅಂತರದಲ್ಲಿ ಹಾಕಿದರೆ ಆರು ಹಿಡಿಯುತ್ತವೆ, 30 ಅಡಿ ಸಿಕ್ಕಿತು. 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಸರಳುಗಳ ಒಂದು ತುದಿಯಲ್ಲಿ ಮೇಲೆ, ಗಾಳಿ ಬರುವ ಕಿಂಡಿ ಇನ್ನೊಂದು ತುದಿಯಲ್ಲಿ ಕೆಳಗೆ. ಎರಡೂ ಪಕ್ಕಪಕ್ಕ ಇದ್ದರೆ ಬಟ್ಟೆಯ ನಡುವೆ ಗಾಳಿ ಹಾಯುವುದಿಲ್ಲ.

ಒದ್ದೆ ಭಾಗದಲ್ಲಿ ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಬಕೆಟ್ಟಿಗೆ ಜಾಗ ಬಿಡಿ. ಒಂದು ಕಾಡು, ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಗುಡ್ಡ) ಹೋಗಿ ಬಂದ ಬಟ್ಟೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ (ಉಣ್ಣೆ ಹುಳ) ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಾಡಿನಿಂದ ಬಂದವರು ಬಟ್ಟೆಯನ್ನು ಅಲ್ಲೇ ಕಳಚಿ ಬಿಸಿನೀರಿಗೆ ಹಾಕಿ, ತಾವೂ ಬಿಸಿನೀರಿನ ಸ್ನಾನ ಮಾಡಬೇಕು. ಬಕೆಟ್ಟು ಮನೆಯ ಒಳಕೋಣೆಯಲ್ಲಿದ್ದರೆ ಉಣುಗು ಹಾಸಿಗೆವರೆಗೆ ಹೋಗುತ್ತದೆ. ಇನ್ನೊಂದು ಬಕೆಟ್ಟು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಹಾಕಿದ ಬಟ್ಟೆಗೆ. ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಕಬ್ಬಿಣವನ್ನೂ ಜಿಂಕ್ ಶೀಟನ್ನೂ ತಿನ್ನುತ್ತದೆ. ತಗಡಿನ ಬಕೆಟ್ಟು, ಕಬ್ಬಿಣದ ಕೊಕ್ಕೆ ಇಲ್ಲಿ ಬಾಳುವುದಿಲ್ಲ. ಆ ಬಟ್ಟೆಯನ್ನು ಹೊರಗಿನ ನಲ್ಲಿಯಲ್ಲಿ ಜಾಲಿಸಿಯೇ ಮಷೀನಿಗೆ, ಅದೂ ಬೇರೆ ಸುತ್ತಿನಲ್ಲಿ.

ಟೈಲ್ಸ್ ಕೂರಿಸುವ ಮೊದಲು ಎರಡು ಕೆಲಸ. ವಾಟರ್‌ಪ್ರೂಫಿಂಗ್ ಎರಡು ಕೋಟ್, ಗೋಡೆಯ ಮೇಲೂ ಒಂದಡಿ ಹತ್ತಿಸಿ, ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ. ಆಚೆ ಗೋಡೆಯ ಬುಡದಲ್ಲಿ ತೇವ ಕಂಡರೆ ಆಗಲೇ ಸರಿಪಡಿಸಿ. ನೀರು ಬಸಿದ ಮೇಲೆ ನೆಲಕ್ಕೆ ಸೀಮೆಸುಣ್ಣದಲ್ಲಿ ಬೆಂಚು, ಸಿಂಕು, ಮಷೀನು, ತೆರೆದ ಬಾಗಿಲು ಎಲ್ಲದರ ಗೆರೆ ಎಳೆದು, ಮನೆಯವರೊಬ್ಬರು ಬೂಟು ಹಾಕಿ, ಕೊಡೆ ಹಿಡಿದು, ತುಂಬಿದ ಬಟ್ಟೆ ಬುಟ್ಟಿಯೊಂದಿಗೆ ಹಿತ್ತಿಲಿನಿಂದ ಅಡುಗೆಮನೆವರೆಗೆ ನಡೆದು ನೋಡಲಿ. ಮೊಣಕೈ ತಗುಲುವ ಕಡೆ, ಬಗ್ಗಿದಾಗ ಬೆನ್ನು ಬಾಗಿಲಿಗೆ ತಾಗುವ ಕಡೆ ಗೆರೆ ಒರೆಸಿ ಮತ್ತೆ ಎಳೆಯಿರಿ. ಆ ಗೆರೆಯ ಅಳತೆಯನ್ನೇ ಕಲ್ಲು ಕತ್ತರಿಸುವವನಿಗೆ ಕೊಡಿ, ನಕ್ಷೆಯದ್ದನ್ನಲ್ಲ.