ಒಣ ರೊಟ್ಟಿ, ಶೇಂಗಾ ಹಿಂಡಿ, ಟಿ-ಕೋಶ

ಕಲಬುರಗಿ, 15 ಜುಲೈ 2025, ಮಂಗಳವಾರ

ಇವತ್ತು ಸೆಕೆಂಡ್ ಪಿಯುಸಿ ಕ್ಲಾಸಿನಲ್ಲಿ ನನ್ನ ಮರ್ಯಾದೆ ಸ್ವಲ್ಪದರಲ್ಲಿ ಉಳಿಯಿತು. ಬೋರ್ಡಿನ ನಡುವೆ ಗೆರೆ ಎಳೆದು, ಎಡಕ್ಕೆ ‘ಬಿ-ಕೋಶ, ಪ್ರತಿಕಾಯ’, ಬಲಕ್ಕೆ ‘ಟಿ-ಕೋಶ’ ಅಂತ ಬರೆದು, ಇವರ ದಾರಿ ಬೇರೆ, ಅವರ ದಾರಿ ಬೇರೆ ಅಂದೆ. ಎರಡೂ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೇ: ಬಿ-ಕೋಶ ರೋಗಾಣುವಿಗೆ ಅಂಟುವ ಪ್ರತಿಕಾಯ ಎಂಬ ಪ್ರೋಟೀನು ಮಾಡುತ್ತದೆ, ಟಿ-ಕೋಶಗಳಲ್ಲಿ ಕೆಲವು ಸೋಂಕು ತಗುಲಿದ ಕೋಶವನ್ನು ಕೊಲ್ಲುತ್ತವೆ, ಕೆಲವು ಉಳಿದ ಕೋಶಗಳಿಗೆ ಸಹಾಯ ಮಾಡುತ್ತವೆ. ಎಂಟು ವರ್ಷದಿಂದ ಹೀಗೇ ಹೇಳುತ್ತ ಬಂದಿದ್ದೇನೆ. ಆಳಂದ ಕಡೆಯಿಂದ ಬಸ್ಸಿಗೆ ಬರುವ ಹುಡುಗಿ ಎದ್ದು ನಿಂತಳು.

“ಮೇಡಂ, ಟಿ-ಕೋಶಕ್ಕ ಇಡೀ ವೈರಸ್ ಗೊತ್ತಾಗಲ್ಲ, ತುಂಡು ಮಾಡಿ ತೋರಿಸ್ಬೇಕು ಅಂದ್ರಿ. ತುಂಡು ಮಾಡೋರ ಕೈಗಿ ಅದನ್ನ ಹಿಡಿದು ಕೊಡೋರು ಯಾರ್ರಿ?”

ಬೆಲ್ ಹೊಡೆಯಿತು. ಬಚಾವಾದೆ.

ರಾತ್ರಿ ಊಟಕ್ಕೆ ಕೂತಾಗಲೂ ಅದೇ ಗುಂಗು. ಅವ್ವ ಶೇಂಗಾ ಹಿಂಡಿಗೆ ಕುಸುಬಿ ಎಣ್ಣೆ ಬಿಟ್ಟು, ಹೆಬ್ಬೆರಳಿನಿಂದ ಖಡಕ್ ರೊಟ್ಟಿಗೆ ಸವರುತ್ತಿದ್ದಳು. “ಒಣಾ ರೊಟ್ಟಿ ಗಂಟಲಾಗ ಇಳೀತದೇನು? ಹಿಂಡಿ ಹಚ್ಚಿದ್ರ ತಾನೇ ಹೋಗ್ತದ.”

ತುತ್ತು ಕೈಯಲ್ಲೇ ನಿಂತಿತು. 1903ರಲ್ಲಿ ವಿಜ್ಞಾನಿಗಳಾದ ಆಲ್ಮ್‌ರಾತ್ ರೈಟ್ ಮತ್ತು ಸ್ಟುವರ್ಟ್ ಡಗ್ಲಸ್ ಕಂಡದ್ದು ಇದನ್ನೇ! ಸೀರಂನಲ್ಲಿರುವ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿರುವ, ಏನೋ ಒಂದು ಬ್ಯಾಕ್ಟೀರಿಯಾಕ್ಕೆ ಸವರಿಕೊಂಡರೆ ಬಿಳಿ ರಕ್ತಕಣ ಅದನ್ನು ಗಬಗಬ ತಿನ್ನುತ್ತದೆ. ಅದಕ್ಕೆ ‘ಆಪ್ಸೋನಿನ್’ ಎಂದು ಹೆಸರಿಟ್ಟರು. ಅದರ ಬೇರಿನಲ್ಲಿರುವ ಗ್ರೀಕ್ ‘ಆಪ್ಸಾನ್’ ಅಂದರೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಪದಾರ್ಥ. ಗ್ರೀಕರಿಗೂ ಒಣ ರೊಟ್ಟಿ ಇಳಿಯುತ್ತಿರಲಿಲ್ಲ ಅಂತಾಯಿತು.

ಪ್ರತಿಕಾಯ ವೈರಸ್ಸನ್ನು ತಡೆಯುವುದಷ್ಟೇ ಅಲ್ಲ, ಹಿಂಡಿಯ ಕೆಲಸವನ್ನೂ ಮಾಡುತ್ತದೆ. ಎರಡು ತೋಳಿನಿಂದ ವೈರಸ್ಸನ್ನು ಅಪ್ಪಿಕೊಂಡಾಗ ಅದರ ಬಾಲ, ಎಫ್‌ಸಿ ಭಾಗ, ಹೊರಗೆ ಚಾಚಿಕೊಂಡಿರುತ್ತದೆ. ರೋಗಾಣುವನ್ನು ತುಂಡು ಮಾಡಿ ಟಿ-ಕೋಶಕ್ಕೆ ತೋರಿಸುವ ಡೆಂಡ್ರಿಟಿಕ್ ಕೋಶದ ಮೈಮೇಲೆ ಆ ಬಾಲ ಹಿಡಿಯಲೆಂದೇ ರಿಸೆಪ್ಟರುಗಳಿವೆ. ಒಂಟಿ ಪ್ರತಿಕಾಯಕ್ಕೆ ಅವು ಅಷ್ಟಾಗಿ ಜಗ್ಗುವುದಿಲ್ಲ. ವೈರಸ್ಸಿನ ಸುತ್ತ ಹತ್ತಾರು ಬಾಲ ಗೊಂಚಲಾಗಿ ಬಂದರೆ ಕೋಶ ಎಚ್ಚೆತ್ತು ಇಡೀ ಗೊಂಚಲನ್ನೇ ನುಂಗುತ್ತದೆ. ಒಳಗೆ ಕತ್ತರಿಸಿ, ಚೂರುಗಳನ್ನು ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು, ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋಗಿ ಟಿ-ಕೋಶಕ್ಕೆ ತೋರಿಸುತ್ತದೆ. ಹೊರಗಿನಿಂದ ನುಂಗಿದ್ದು ಸಾಮಾನ್ಯವಾಗಿ ಸಹಾಯಕ ಟಿ-ಕೋಶದ ಪಾಲು. ಹಿಂಡಿ ಹಚ್ಚಿ ಬಂದದ್ದಾದರೆ ಅದರಲ್ಲೊಂದಿಷ್ಟು ಕೊಲ್ಲುವ ಟಿ-ಕೋಶದ ತಟ್ಟೆಗೂ ದಾಟುತ್ತದೆ. ನನ್ನ ಗೆರೆ ಅಳಿಸಿಹೋಗುವುದು ಇಲ್ಲೇ.

ಈ ಡೆಂಡ್ರಿಟಿಕ್ ಕೋಶವನ್ನು 1973ರಲ್ಲಿ ವಿವರಿಸಿದ ವಿಜ್ಞಾನಿ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಘೋಷಣೆಯಾಯಿತು. ಆತ ತೀರಿಕೊಂಡು ಮೂರು ದಿನವಾಗಿತ್ತು, ಸಮಿತಿಗೆ ಸುದ್ದಿ ಮುಟ್ಟಿರಲಿಲ್ಲ. ನಾಳೆ ಹುಡುಗರಿಗೆ ಇದನ್ನೂ ಹೇಳಬೇಕು.

ಒಂದು ತಡೆಯೂ ಇದೆ. ಅದೇ ಬಾಲ ಹಿಡಿಯುವ ರಿಸೆಪ್ಟರುಗಳಲ್ಲಿ ಒಂದು ಜಾತಿ ಬ್ರೇಕ್ ಹಾಕುವಂಥದ್ದು. ಯಾವುದರ ಕೈ ಮೇಲಾಗುತ್ತದೋ ಅದರ ಮೇಲೆ ಕೋಶದ ಉತ್ಸಾಹ. ಇದನ್ನು ಪರೀಕ್ಷೆಗೆ ಕೇಳುವುದಿಲ್ಲ, ಆದರೂ ಬಿಡಲಾರೆ.

ಒಂಬತ್ತೂವರೆಗೆ ಆ ಹುಡುಗಿಗೆ ವಾಟ್ಸಾಪಿನಲ್ಲಿ ರೊಟ್ಟಿ-ಹಿಂಡಿ ಕಥೆ ಬರೆದು ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: “ಮೊದಲ್ನೇ ಸಲ ಆ ರೋಗ ಬಂದಾಗ ಪ್ರತಿಕಾಯನೇ ಇರಲ್ಲಲ್ರಿ ಮೇಡಂ, ಅವಾಗ?”

“ಅವಾಗ ಒಣಾ ರೊಟ್ಟಿನೇ” ಅಂತ ಬರೆದೆ.